ಬಿಚ್ಚದ ಗಂಟು

ಇಚಲಕರಂಜಿಯ ಆ ಓಣಿಗೆ ಬೆಳಿಗ್ಗೆ ಏಳಕ್ಕೆ ಘಂಟಾಗಾಡಿ ಬರುತ್ತದೆ. ಕಸ ಒಯ್ಯುವ ಗಾಡಿ. ಹಸಿ ಕಸ ಒಂದು ಕಡೆ, ಒಣ ಕಸ ಇನ್ನೊಂದು ಕಡೆ ಹಾಕಿ ಎಂದು ಮರಾಠಿಯಲ್ಲಿ ಹಾಡುತ್ತ, ಗಂಟೆ ಬಾರಿಸುತ್ತ ಓಣಿಯ ತುದಿಯಲ್ಲಿ ಐದು ನಿಮಿಷ ನಿಲ್ಲುತ್ತದೆ. ವೃಷಾಲಿಯ ಮನೆಯ ಹೊಸ್ತಿಲಿನಿಂದ ಆ ತುದಿಗೆ ನಲವತ್ತು ಹೆಜ್ಜೆ. ಬಿ.ಎಸ್ಸಿ. ಎರಡನೆಯ ವರ್ಷಕ್ಕೆ ಬರುವ ಹೊತ್ತಿಗೆ ಆ ಹುಡುಗಿ ಆ ನಲವತ್ತು ಹೆಜ್ಜೆಯನ್ನು ಎಷ್ಟು ಸಲ ನಡೆದಿದ್ದಳೆಂದು ಎಣಿಸಲು ಹೋದರೆ ಒಂದು ಕೈಯ ಬೆರಳುಗಳೂ ಹೆಚ್ಚಾಗುತ್ತಿದ್ದವು.

ಸೋಮಾರಿಗಳಲ್ಲಿ ದಡ್ಡರೂ ಇರುತ್ತಾರೆ, ಜಾಣರೂ ಇರುತ್ತಾರೆ. ವೃಷಾಲಿ ಜಾಣೆ. ಒಂದು ಕೆಲಸ ತಪ್ಪಿಸಿಕೊಳ್ಳಲು ಅವಳು ಪಡುತ್ತಿದ್ದ ಶ್ರಮದಲ್ಲಿ ಅಂಥ ಎರಡು ಕೆಲಸ ಮುಗಿಯುತ್ತಿದ್ದವು. ಕಸದ ಬುಟ್ಟಿ ತುಂಬಿದರೆ ಕಾಲಿನಿಂದ ತುಳಿದು ಜಾಗ ಮಾಡುವಳು. ಮತ್ತೂ ತುಂಬಿದರೆ ಮೇಲೆ ಹಳೆಯ ಪೇಪರು ಹೊದಿಸುವಳು. ಅದೂ ಉಬ್ಬಿ ನಿಂತರೆ, ಕೈಗೆ ಹತ್ತಿರವಿದ್ದ ಯಾವುದಾದರೊಂದು ಚೀಲಕ್ಕೆ ತುರುಕಿ ಕೈ ಝಾಡಿಸುವಳು. ತಾಯಿ ಬೈದರೆ, ನಾಳೆ ಹಾಕುತ್ತೇನೆ ಬಿಡು ಅನ್ನುವಳು. ಆ ನಾಳೆಯನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ.

ತಂದೆ ಅಪ್ಪಣ್ಣ ಬನಹಟ್ಟಿ ಕಡೆಯವನು. ಮದುವೆಯಾದ ವರ್ಷವೇ ಕೆಲಸ ಹುಡುಕಿಕೊಂಡು ಇಚಲಕರಂಜಿಗೆ ಬಂದು, ಈಗ ಒಂದು ಶೆಡ್ಡಿನಲ್ಲಿ ಆರು ಪವರ್‌ಲೂಮು ನೋಡಿಕೊಳ್ಳುತ್ತಿದ್ದ. ದಿನವಿಡೀ ಮಗ್ಗದ ಸದ್ದು ಕೇಳಿ ಕೇಳಿ ಮನೆಯಲ್ಲಿ ಅವನಿಗೆ ಮಾತೇ ಬೇಡವಾಗಿತ್ತು. ತಾಯಿ ಚೆನ್ನವ್ವ ಹತ್ತೊಂಬತ್ತು ವರ್ಷದಿಂದ ದಾದಾಸಾಹೇಬರ ಕಾರಖಾನೆಯಲ್ಲಿ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು.

ದಾದಾಸಾಹೇಬರದು ಹಾತಕಣಂಗಲೆ ಕಡೆಯ ಜೈನ ಒಕ್ಕಲಿಗರ ಮನೆತನ. ಕಬ್ಬಿನ ಹೊಲವನ್ನು ತಮ್ಮಂದಿರಿಗೆ ಬಿಟ್ಟು ಇವರು ವಿಚಿತ್ರವಾದ ಉದ್ಯೋಗ ಹಿಡಿದಿದ್ದರು. ಊರಿನ ಮಗ್ಗಗಳು ಉಗುಳಿದ ತುಂಡು ನೂಲು, ದರ್ಜಿಗಳು ಕತ್ತರಿಸಿ ಬಿಸಾಕಿದ ಚಿಂದಿ, ಇವನ್ನೆಲ್ಲ ಕೊಂಡು ತಂದು, ಹರಿದು ಮತ್ತೆ ಹತ್ತಿ ಮಾಡಿ, ಆ ಹತ್ತಿಯಿಂದ ಮತ್ತೆ ನೂಲು ತೆಗೆಯುವುದು. ಯಂತ್ರಕ್ಕೆ ಹೋಗುವ ಮೊದಲು ಎಲ್ಲವನ್ನೂ ಉದ್ದನೆಯ ಕಲ್ಲಿನ ಕಟ್ಟೆಯ ಮೇಲೆ ಸುರಿಯುತ್ತಿದ್ದರು. ಎಂಟು ಜನ ಹೆಂಗಸರು ಅದರಲ್ಲಿ ಹತ್ತಿ ಬೇರೆ, ಪಾಲಿಸ್ಟರ್ ಬೇರೆ, ಗುಂಡಿ-ಹುಕ್ಕು-ಪ್ಲಾಸ್ಟಿಕ್ ಬೇರೆ ಮಾಡಬೇಕು. ಅವರ ಮೇಲ್ವಿಚಾರಣೆ ದಾದಾಸಾಹೇಬರ ಹೆಂಡತಿ ಮಾಣಿಕಬಾಯಿಯದು.

ಹೊರಗಿನಿಂದ ಬಂದ ಯಾವ ಚೀಲವೂ ಆ ಕಟ್ಟೆಗೆ ಬೀಳದೆ ಯಂತ್ರಕ್ಕೆ ಹೋಗುತ್ತಿರಲಿಲ್ಲ. ಒಂದೇ ಒಂದು ಚೀಲ ಬಿಟ್ಟು. ಚೆನ್ನವ್ವ ವಾರವಿಡೀ ಮಗ್ಗದ ನೂಲು ಸುತ್ತುವ ಕಂಡಿಕೆಗಳನ್ನು ಮನೆಗೆ ತಂದು, ಅವುಗಳಲ್ಲಿ ಉಳಿದ ನೂಲು ಬಿಡಿಸಿ, ಆರಿಸಿ ಚೀಲ ತುಂಬುತ್ತಿದ್ದಳು. ಶನಿವಾರ ಅದರ ಬಾಯಿಗೆ ಒಂದು ಗಂಟು ಹಾಕಿ ಒಯ್ಯುತ್ತಿದ್ದಳು. ಹರಿದ ಎಳೆಯನ್ನು ಜೋಡಿಸಲು ನೇಕಾರರು ಹಾಕುವಂಥ ಸಣ್ಣ, ಬಿಗಿ ಗಂಟು. ಬಾಲ ಬಲಗಡೆಗೆ ಒಳಮಡಚಿರುತ್ತಿತ್ತು. ಆ ಗಂಟು ಕಂಡರೆ ದಾದಾಸಾಹೇಬರು ಚೀಲ ಬಿಚ್ಚಿಸುತ್ತಿರಲಿಲ್ಲ. ಚೆನ್ನವ್ವನ ಗಂಟು, ಕಳಿಸಿರಿ ಅಂದರೆ ಮುಗಿಯಿತು, ಚೀಲ ನೇರ ಯಂತ್ರದ ಬಾಯಿಗೆ. ಹೊಸದಾಗಿ ಕೆಲಸಕ್ಕೆ ಬಂದವರಿಗೆ ಮಾಣಿಕಬಾಯಿ ಮೊದಲ ದಿನ ತೋರಿಸುತ್ತಿದ್ದುದು ಆ ಗಂಟನ್ನೇ. ಚೆನ್ನವ್ವನಿಗೆ ಹೊಲವಿರಲಿಲ್ಲ, ಸ್ವಂತ ಮನೆಯಿರಲಿಲ್ಲ, ಮೈಮೇಲೆ ಹೇಳಿಕೊಳ್ಳುವಂಥ ಬಂಗಾರವಿರಲಿಲ್ಲ. ಅವಳಿಗಿದ್ದ ಮಾನ ಅದೊಂದೇ.

ವೃಷಾಲಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಅವಳ ಪಾಲಿಗೆ ಅದು ಮೂಲೆಯಲ್ಲಿ ಬಾಯಿ ತೆರೆದು ನಿಂತ ಒಂದು ಚೀಲ, ಅಷ್ಟೇ.

ಆ ವರ್ಷ ಕಾಲೇಜಿನಲ್ಲಿ ಪರಿಸರದ ಬಗ್ಗೆ ಒಂದು ಪ್ರಕಲ್ಪ, ಅಂದರೆ ಪ್ರಾಜೆಕ್ಟು, ಬರೆದು ಕೊಡಬೇಕಾಗಿತ್ತು. ಗೆಳತಿಯರು ಪಂಚಗಂಗೆಯ ನೀರು ಪರೀಕ್ಷೆ ಮಾಡಲು, ಹಕ್ಕಿ ಎಣಿಸಲು ಹೊರಟರು. ವೃಷಾಲಿ ಮರುಬಳಕೆ ಎಂಬ ವಿಷಯ ಆರಿಸಿಕೊಂಡಳು. ಅವಳ ಸರ್ ಬಹಳ ಮೆಚ್ಚಿದರು. ಕಾರಣ ಕೇಳಿದ್ದರೆ ಮೆಚ್ಚುತ್ತಿರಲಿಲ್ಲ. ಮನೆಯಲ್ಲೇ ಚೀಲಗಳಿವೆ, ಕೂತಲ್ಲಿಂದಲೇ ಫೋಟೋ ತೆಗೆಯಬಹುದು ಎಂಬುದು ಅವಳ ಲೆಕ್ಕಾಚಾರ.

ಜನವರಿಯಲ್ಲಿ ಕಾಲೇಜಿನ ವಾರ್ಷಿಕ ಗ್ಯಾದರಿಂಗು ನಡೆಯಿತು. ವೇದಿಕೆಯ ಅಲಂಕಾರಕ್ಕೆ ಹುಡುಗಿಯರು ಗುಲಾಬಿ ಬಣ್ಣದ ಪ್ಲಾಸ್ಟಿಕ್ ಸುತಳಿಯನ್ನು ಎಳೆಎಳೆಯಾಗಿ ಸೀಳಿ ಗೊಂಡೆ ಮಾಡಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಅದರ ಒಂದು ಕಟ್ಟನ್ನು ವೃಷಾಲಿಯ ಕೈಗೆ ತುರುಕಿ, ನಿಮ್ಮ ಓಣಿಯ ಗಾಡಿಗೆ ಹಾಕಿಬಿಡು ಅಂದರು. ಅವಳು ಹಾಕಲಿಲ್ಲ. ಮೂರು ದಿನ ಅದು ಮಲಗುವ ಕಾಟಿನ ಕೆಳಗೆ ಬಿದ್ದಿತ್ತು. ನಾಲ್ಕನೆಯ ದಿನ, ಶುಕ್ರವಾರ ಸಂಜೆ, ಅವ್ವ ಬೈಯುವ ಮೊದಲೇ ಅದನ್ನು ಕಣ್ಮರೆ ಮಾಡಬೇಕಾಯಿತು. ಬುಟ್ಟಿ ತುಂಬಿತ್ತು. ಮೂಲೆಯಲ್ಲಿ ಅವ್ವನ ಚೀಲ, ಆರಿಸಿದ ಬಿಳಿ ನೂಲು ತುಂಬಿಕೊಂಡು, ಬೆಳಗಿನ ಗಂಟಿಗಾಗಿ ಕಾಯುತ್ತಿತ್ತು. ಒಂದು ಮುಷ್ಟಿ ಗುಲಾಬಿ ಎಳೆಯನ್ನು ಮೊಣಕೈವರೆಗೆ ಕೈ ಇಳಿಸಿ ಅದರಲ್ಲಿ ತುರುಕಿ, ಮೇಲೆ ನೂಲು ಎಳೆದಳು. ಸೀಳದೇ ಉಳಿದಿದ್ದ ಸುತಳಿಯ ಉಂಡೆಯೊಂದನ್ನು ಮುಂದೆ ಬೇಕಾದೀತೆಂದು ಗೂಟಕ್ಕೆ ಸಿಕ್ಕಿಸಿದಳು. ಕಟ್ಟೆಯ ಮೇಲೆ ಹೇಗೂ ಆರಿಸುತ್ತಾರಲ್ಲ ಎಂದು ಒಂದು ಕ್ಷಣ ಅನಿಸಿತು. ಆ ಚೀಲವನ್ನು ಮಾತ್ರ ಕಟ್ಟೆಗೆ ಸುರಿಯುವುದಿಲ್ಲ ಎಂಬುದು ಆ ಕ್ಷಣ ನೆನಪಿಗೆ ಬರಲಿಲ್ಲ. ಸೋಮಾರಿಯ ನೆನಪೂ ಸೋಮಾರಿಯೇ.

ಚೆನ್ನವ್ವ ಬೆಳಿಗ್ಗೆ ಗಂಟು ಹಾಕಿ ಒಯ್ದಳು.

ಮಾರ್ಚ್ ಬಂತು. ಪ್ರಕಲ್ಪಕ್ಕೆ ಮನೆಯ ಚೀಲದ ಫೋಟೋ ಸಾಲದು, ಎಲ್ಲಿ ಮರುಬಳಕೆ ಆಗುತ್ತದೋ ಅಲ್ಲಿಗೆ ಹೋಗಿ ಬಾ ಎಂದು ಸರ್ ಹೇಳಿಬಿಟ್ಟರು. ಹೀಗೆ ಒಂದು ಶನಿವಾರ ವೃಷಾಲಿ ಗೊಣಗುತ್ತ ಅವ್ವನ ಹಿಂದೆ ಕಾರಖಾನೆಗೆ ಹೋದಳು. ಹತ್ತೊಂಬತ್ತು ವರ್ಷ ಅವ್ವ ದುಡಿದ ಜಾಗಕ್ಕೆ ಬುದ್ಧಿ ಬಂದ ಮೇಲೆ ಅವಳು ಹೋದದ್ದು ಅದೇ ಮೊದಲು.

ಒಳಗೆ ಕಾಲಿಟ್ಟವಳು ಫೋನು ತೆಗೆಯುವುದನ್ನೇ ಮರೆತಳು.

ಹರಿಯುವ ಯಂತ್ರಕ್ಕೆ ಕೋಣೆಯಷ್ಟು ದೊಡ್ಡ ಹೊಟ್ಟೆ. ಅದರೊಳಗೆ ಮೈತುಂಬ ಉಕ್ಕಿನ ಮುಳ್ಳಿದ್ದ ಉರುಳೆಗಳು ಕಣ್ಣಿಗೆ ಕಾಣದಷ್ಟು ವೇಗವಾಗಿ ತಿರುಗುತ್ತಿದ್ದವು. ಅಲ್ಲಪ್ಪನೆಂಬ ಆಳು ಒಂದೊಂದೇ ಬುಟ್ಟಿಯನ್ನು ಅದರ ಬಾಯಿಗೆ ಬೋರಲು ಹಾಕುತ್ತಿದ್ದ. ಯಾರದೋ ಹಸಿರು ಕುಪ್ಪಸದ ತೋಳು, ಶಾಲೆಯ ಅಂಗಿಯ ಕೊರಳಪಟ್ಟಿ, ಎಳೆ ಕೂಸಿನ ಕುಲಾವಿಯ ಅರ್ಧ, ಎಲ್ಲ ಒಳಗೆ ಹೋದವು. ಆ ಕಡೆಯಿಂದ ತೋಳೂ ಬರಲಿಲ್ಲ, ಕೊರಳೂ ಬರಲಿಲ್ಲ. ಆಗತಾನೇ ಗಿಡದಿಂದ ಬಿಡಿಸಿದಂಥ ಹತ್ತಿ ಬಂತು. ಮುಂದಿನ ಯಂತ್ರದಲ್ಲಿ ಆ ಹತ್ತಿ ತೆಳ್ಳಗೆ ಹರಡಿ, ಮತ್ತೆ ಕೂಡಿ, ದೀಪದ ಬತ್ತಿಯಂತೆ ಕೊನೆಯಿಲ್ಲದೆ ಉದ್ದವಾಗಿ ಹರಿದು ಡಬ್ಬಿಯಲ್ಲಿ ಸುತ್ತಿಕೊಂಡಿತು. ಅದರ ಮುಂದೆ ನೂಲು. ವೃಷಾಲಿ ಆ ಬೆಚ್ಚಗಿನ ಬತ್ತಿಯ ಮೇಲೆ ಅಂಗೈ ಇಟ್ಟಳು. ಕುಪ್ಪಸ ಹರಿದರೆ ಅದರ ಕಥೆ ಮುಗಿಯಿತು ಅಂದುಕೊಂಡಿದ್ದಳು. ಇಲ್ಲಿ ನೋಡಿದರೆ ಅದು ಮತ್ತೆ ಹುಟ್ಟುತ್ತಿತ್ತು, ನಾಳೆ ಯಾರದೋ ಹಾಸಿಗೆಯಾಗಲು. ಹಾಗಾದರೆ ಬಿಸಾಕುವುದು ಅಂದರೇನು? ಎಲ್ಲಿ ಬಿಸಾಕಿದರೂ ಅದು ಎಲ್ಲೋ ಒಂದು ಕಡೆ ಹೋಗಿ ನಿಂತಿರುತ್ತದೆಯೇ? ಹತ್ತೊಂಬತ್ತು ವರ್ಷ ಇದೇ ಊರಿನಲ್ಲಿ ಬೆಳೆದವಳಿಗೆ ಈ ಪ್ರಶ್ನೆ ಇಂದು ಬಂದಿತ್ತು.

ನೂಲಿನಲ್ಲಿ ಅಲ್ಲಲ್ಲಿ ಕೆಂಪು, ಹಸಿರು ಕೂದಲೆಳೆ ಇದ್ದವು. ಇವು ಹೀಗೇ ಇರುತ್ತವೆಯೇ ಎಂದು ಮಾಣಿಕಬಾಯಿಯನ್ನು ಕೇಳಿದಳು. ಅವರು ನಕ್ಕರು. ಚಿಂದಿಯ ನೂಲಿಗೆ ಚಿಂದಿಯ ಬಣ್ಣ ಇರಲೇಬೇಕು, ಅದರ ಚಿಂತೆಯಿಲ್ಲ ಅಂದರು. ಬಟ್ಟೆಯಾದ ಮೇಲೆ ಕೊಲ್ಹಾಪುರದಲ್ಲಿ ಕಡುನೀಲಿ ಬಣ್ಣದಲ್ಲಿ ಅದ್ದುತ್ತಾರೆ. ಹತ್ತಿ ಯಾವುದೇ ಬಣ್ಣದ್ದಿರಲಿ, ನೀಲಿ ಕುಡಿದು ನೀಲಿಯಾಗುತ್ತದೆ. ಕುಡಿಯದೆ ಹಟ ಹಿಡಿಯುವುದು ಪ್ಲಾಸ್ಟಿಕ್ ಒಂದೇ. ಅದಕ್ಕೇ ಈ ಕಟ್ಟೆ, ಅದಕ್ಕೇ ನಿಮ್ಮವ್ವನಂಥವರ ಬೆರಳು.

ಅವರ ಮಾತು ಮುಗಿಯುವ ಮೊದಲೇ ಅಂಗಳಕ್ಕೆ ಟೆಂಪೋ ಬಂದು ನಿಂತಿತು. ಗಡಹಿಂಗ್ಲಜದ ವ್ಯಾಪಾರಿಗೆ ಕಳಿಸಿದ್ದ ಇನ್ನೂರು ಚಾದರಗಳು ವಾಪಸು ಬಂದಿದ್ದವು. ಈ ಕಾರಖಾನೆಯ ನೂಲು, ಅಪ್ಪಣ್ಣನ ಶೆಡ್ಡಿನಲ್ಲೇ ನೇಯ್ದದ್ದು. ದಾದಾಸಾಹೇಬರು ಒಂದನ್ನು ಬಿಚ್ಚಿ ಬಿಸಿಲಿಗೆ ಹಿಡಿದರು. ಕಡುನೀಲಿಯ ತುಂಬ, ಸಾಸಿವೆ ಚೆಲ್ಲಿದ ಹಾಗೆ, ಗುಲಾಬಿ ಚುಕ್ಕೆ. ಎರಡನೆಯದನ್ನು ಬಿಚ್ಚಿದರು. ಅದರಲ್ಲೂ. ಹತ್ತು ಬಿಚ್ಚಿದರೂ ಅದೇ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ. ವೃಷಾಲಿಯ ಕೈ ತಾನಾಗಿ ದುಪಟ್ಟಾದೊಳಗೆ ಅಡಗಿಕೊಂಡಿತು. ಆ ಗುಲಾಬಿಯನ್ನು ಅವಳು ಸಾವಿರ ಬಣ್ಣದಲ್ಲೂ ಗುರುತಿಸುತ್ತಿದ್ದಳು. ಒಂದು ಮುಷ್ಟಿ, ಒಂದೇ ಒಂದು ಮುಷ್ಟಿ ತುರುಕಿದ್ದಳು. ಯಂತ್ರದ ಹಲ್ಲು ಅದನ್ನು ಪುಡಿ ಪುಡಿ ಮಾಡಿ, ಬತ್ತಿಗೆ ಹಂಚಿ, ನೂಲಿಗೆ ಹಂಚಿ, ಅಪ್ಪನ ಮಗ್ಗ ದಾಟಿಸಿ, ಕೊಲ್ಹಾಪುರ ಸುತ್ತಿಸಿ, ಗಡಹಿಂಗ್ಲಜಕ್ಕೆ ಒಯ್ದು, ಒಂದು ಚಾದರವನ್ನೂ ಬಿಡದೆ ಸಮನಾಗಿ ಬಡಿಸಿತ್ತು. ನಲವತ್ತು ಹೆಜ್ಜೆ ನಡೆಯಲಾರದ ಅವಳ ಕಸ ನೂರು ಮೈಲು ತಿರುಗಾಡಿ ಬಂದಿತ್ತು. ಭಯದ ನಡುವೆಯೂ ಅವಳಿಗೆ ದಿಗ್ಭ್ರಮೆಯಾಯಿತು, ಇಷ್ಟು ಸಣ್ಣದು ಇಷ್ಟು ದೂರ ಹೋಗಬಲ್ಲುದೇ ಎಂದು.

ದಾದಾಸಾಹೇಬರು ಕೂಗಾಡುವ ಮನುಷ್ಯರಲ್ಲ. ಚಾದರವನ್ನು ಕಟ್ಟೆಯ ಮೇಲೆ ಹಾಸಿದರು. ಎಂಟೂ ಹೆಂಗಸರು ಎದ್ದು ಬಂದರು. ಇಂಥ ಹೊಳೆಯುವ ಗುಲಾಬಿ ಕಟ್ಟೆಯ ಮೇಲೆ ಬಿದ್ದಿದ್ದರೆ ಕಾಣದೆ ಇರುತ್ತಿತ್ತೇ ಎಂದು ಒಬ್ಬಳು ಅಂದಳು. ಕಟ್ಟೆಯ ಮೇಲೆ ಬೀಳದೆ ಹೋಗುವ ಚೀಲ ಯಾವುದು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರ ಕಣ್ಣು ಮಾತ್ರ ಚೆನ್ನವ್ವನ ಕಡೆಗೇ ಹೋಯಿತು.

ಚೆನ್ನವ್ವ ಬಗ್ಗಿ, ಒಂದು ಚುಕ್ಕೆಯ ಮೇಲೆ ಬೆರಳಾಡಿಸಿದಳು. "ನನ್ನ ಚೀಲದಾಗಿಂದ ಹೋಗಿರಬೇಕ್ರಿ," ಅಂದಳು. "ಬೆರಳು ಜಡ್ಡುಗಟ್ಟ್ಯಾವ. ಗೊತ್ತಾಗಿಲ್ಲ."

ಮಾಣಿಕಬಾಯಿ ಅವಳ ಹೆಗಲ ಮೇಲೆ ಕೈಯಿಟ್ಟು, ವಯಸ್ಸಾಯಿತು, ಇನ್ನು ಕೆಲವು ದಿನ ಕಸ ಹೊಡೆಯುವ ಕೆಲಸ ನೋಡು, ಕಣ್ಣಿಗೂ ಬೆರಳಿಗೂ ಆರಾಮ ಸಿಗುತ್ತದೆ ಅಂದರು. ಮೆತ್ತಗೆ ಅಂದರು. ಮೆತ್ತಗೆ ಅಂದದ್ದೇ ಹೆಚ್ಚು ತಾಗಿತು. ದಾದಾಸಾಹೇಬರು ನೆಲ ನೋಡುತ್ತ, "ಇನ್ನ ಮ್ಯಾಲೆ ಎಲ್ಲಾ ಚೀಲಾ ಬಿಚ್ಚೂದು, ಯಾರದಿದ್ರೂ," ಅಂದರು. ವೃಷಾಲಿ ಅಲ್ಲೇ ಇದ್ದಳು. ಬಾಯಿ ಬಿಡಲಿಲ್ಲ. ಸೋಮಾರಿತನ ಕಾಲಲ್ಲಷ್ಟೇ ಇದೆ ಅಂದುಕೊಂಡಿದ್ದಳು. ನಾಲಿಗೆಯಲ್ಲೂ ಇತ್ತು.

ಮರುದಿನ ಭಾನುವಾರ. ಮಧ್ಯಾಹ್ನ ಊಟವಾದ ಮೇಲೆ ಚೆನ್ನವ್ವ ಗೋಡೆಗೆ ಒರಗಿ ಕುಳಿತು, ಕಣ್ಣು ಮುಚ್ಚಿಕೊಂಡು ಕೈ ಚಾಚಿದಳು. "ಒಂದೊಂದ ಎಳೀ ಕೈಯಾಗ ಇಡು. ಯಾವದಂತ ಹೇಳ್ತೇನಿ. ಎಷ್ಟ ಕೆಟ್ಟೇನಿ ನೋಡೂಣು."

ವೃಷಾಲಿ ಕುಪ್ಪಸದಿಂದ, ಪರದೆಯಿಂದ, ಅಪ್ಪನ ಲುಂಗಿಯಿಂದ, ತನ್ನ ದುಪಟ್ಟಾದಿಂದ ಎಳೆ ಕಿತ್ತು ಅವ್ವನ ಅಂಗೈಯಲ್ಲಿಟ್ಟಳು. ಚೆನ್ನವ್ವ ಹೆಬ್ಬೆರಳಲ್ಲಿ ಒಂದು ಸಲ ಹೊರಳಿಸುವಳು, ಹೇಳುವಳು. ಹತ್ತಿ. ಪಾಲಿಸ್ಟರು. ಅರ್ಧ ಹತ್ತಿ, ಅರ್ಧ ಪಾಲಿಸ್ಟರು. ಇದೂ ಹತ್ತಿ, ಆದರೆ ಒಮ್ಮೆ ಹರಿದು ಮತ್ತೆ ನೂತದ್ದು. ಒಂದು ಎಳೆಯನ್ನು ಮೂಗಿನ ಹತ್ತಿರ ಒಯ್ದು, ಇದು ನಿಮ್ಮಪ್ಪನ ಶೆಡ್ಡಿನದು, ಮೂರನೇ ಮಗ್ಗದ ಎಣ್ಣೆ ಸೋರುತ್ತದೆ ಅಂದಳು. ವೃಷಾಲಿ ಇಪ್ಪತ್ತು ಎಳೆ ಇಟ್ಟಳು. ಇಪ್ಪತ್ತೂ ಸರಿ. ಪಕ್ಕದಲ್ಲಿ ಚಹಾ ಕುಡಿಯುತ್ತ ಕುಳಿತ ಅಪ್ಪಣ್ಣ ಲೋಟ ಕೆಳಗಿಟ್ಟು ಹೆಂಡತಿಯ ಕೈಯನ್ನೇ ನೋಡಿದ. ಪ್ರಯೋಗಶಾಲೆಯಲ್ಲಿ ಆಸಿಡ್ ಸುರಿದು, ಉರಿಗೆ ಹಿಡಿದು, ಪಟ್ಟಿ ನೋಡಿ ಕಂಡುಹಿಡಿಯುವುದನ್ನು ಈ ಹೆಂಗಸು ಕಣ್ಣು ಮುಚ್ಚಿ ಹೇಳುತ್ತಿದ್ದಳು. ಈ ಕೈಯಿಂದಲೇ ತಾನು ಹತ್ತೊಂಬತ್ತು ವರ್ಷ ರೊಟ್ಟಿ ತಿಂದಿದ್ದಳು. ಒಂದು ದಿನವೂ ಆ ಕೈಯನ್ನು ನೋಡಿರಲಿಲ್ಲ.

"ಎಲ್ಲಾ ಸರಿ ಅದಾವವ್ವ," ಅಂದಳು.

ಚೆನ್ನವ್ವ ಕಣ್ಣು ತೆರೆದಳು. ಅವಳ ಮುಖದಲ್ಲಿ ಸಮಾಧಾನ ಬರಲಿಲ್ಲ. "ಇವತ್ತ ಸರಿ. ಅವತ್ತ ತಪ್ಪ್ಯಾವಲ್ಲ. ಯಾವಾಗ ತಪ್ಪತಾವಂತ ಗೊತ್ತಿಲ್ಲದ ಬೆರಳ ಇಟ್ಕೊಂಡ ಏನ ಮಾಡ್ಲಿ?" ಅಂದಳು. ಆಮೇಲೆ ಆ ಇಪ್ಪತ್ತು ಎಳೆಯನ್ನು ಕೂಡಿಸಿ, ಹತ್ತಿ ಒಂದು ಕಡೆ, ಉಳಿದದ್ದು ಒಂದು ಕಡೆ ಇಟ್ಟು ಎದ್ದಳು.

ಸೋಮವಾರ ಬೆಳಿಗ್ಗೆ ಏಳಕ್ಕೆ ಘಂಟಾಗಾಡಿ ಗಂಟೆ ಬಾರಿಸಿತು. ಚೆನ್ನವ್ವ ಆಗಲೇ ಕೆಲಸಕ್ಕೆ ಹೋಗಿದ್ದಳು. ವೃಷಾಲಿ ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡೇ ಬಿದ್ದಿದ್ದಳು. ಎದ್ದಳು. ತುಂಬಿದ ಬುಟ್ಟಿಯನ್ನು ಕೆಳಗೆ ಸುರಿದು, ಹಸಿ ಕಸ, ಒಣ ಕಸ ಬೇರೆ ಮಾಡಿ, ನಲವತ್ತು ಹೆಜ್ಜೆ ಓಡಿ ಗಾಡಿಗೆ ಹಾಕಿದಳು. ಗೂಟದಲ್ಲಿದ್ದ ಗುಲಾಬಿ ಸುತಳಿಯ ಉಂಡೆಯನ್ನು ಮಾತ್ರ ಹಾಕಲಿಲ್ಲ. ಅದನ್ನು ಕೈಯಲ್ಲಿ ಹಿಡಿದುಕೊಂಡು, ಎಲ್ಲರಿಗೂ ಕಾಣುವ ಹಾಗೆ ಹಿಡಿದುಕೊಂಡು, ಕಾರಖಾನೆಗೆ ನಡೆದಳು. ಮನೆಯಲ್ಲೇ ಅವ್ವನಿಗೆ ಹೇಳಿ ಅತ್ತು ಮುಗಿಸಬಹುದಿತ್ತು. ಆದರೆ ಅವ್ವನ ಮಾನ ಹೋದದ್ದು ಮನೆಯಲ್ಲಲ್ಲ.

ಚೆನ್ನವ್ವ ಅಂಗಳ ಗುಡಿಸುತ್ತಿದ್ದಳು. ವೃಷಾಲಿ ಅವಳನ್ನು ದಾಟಿ ಹೋಗಿ ಉಂಡೆಯನ್ನು ಕಲ್ಲಿನ ಕಟ್ಟೆಯ ಮೇಲಿಟ್ಟಳು. ಯಾರೋ ಯಂತ್ರ ನಿಲ್ಲಿಸಿದರು.

"ಕಾಕಾ, ಇದು ನಂದು," ಅಂದಳು ದಾದಾಸಾಹೇಬರಿಗೆ. "ಕಾಲೇಜಿಂದ ತಂದಿದ್ದೆ. ಗಾಡಿತನಕ ಹೋಗಾಕ ಬ್ಯಾಸರಾಗಿ ಅವ್ವನ ಚೀಲದಾಗ ತುರುಕಿದೆ. ಆಕಿ ಆರಿಸಿದ ಮ್ಯಾಲೆ ತುರುಕಿದ್ದು. ಆಕಿ ಬೆರಳಿಗೆ ಏನೂ ಆಗಿಲ್ಲ."

ದಾದಾಸಾಹೇಬರು ಉಂಡೆಯಿಂದ ಒಂದು ಎಳೆ ಸೀಳಿ ಚಾದರದ ಚುಕ್ಕೆಯ ಪಕ್ಕ ಹಿಡಿದು ನೋಡಿದರು. ಅವರ ಮುಖ ಮೊದಲು ಕೆಂಪಾಯಿತು, ಆಮೇಲೆ ಸಡಿಲವಾಯಿತು. ಲುಕ್ಸಾನಿನ ಮಾತು ಅವರ ಬಾಯಿಂದ ಬರಲಿಲ್ಲ. ಹತ್ತೊಂಬತ್ತು ವರ್ಷದ ನಂಬಿಕೆ ತಪ್ಪಾಗಿರಲಿಲ್ಲ ಎಂಬುದೇ ಅವರಿಗೆ ದೊಡ್ಡದಾಗಿತ್ತು. ಚೆನ್ನವ್ವ ಮತ್ತೆ ಕಟ್ಟೆಗೆ ಬರಲಿ, ಅವಳ ಗಂಟು ಹಿಂದಿನಂತೆ ನಡೆಯಲಿ ಅಂದರು. ಮಾಣಿಕಬಾಯಿ ಹೋಗಿ ಚೆನ್ನವ್ವನ ಕೈಯಿಂದ ಪೊರಕೆ ಇಸಿದುಕೊಂಡರು.

ಚೆನ್ನವ್ವ ಬಂದು ಕಟ್ಟೆಯ ಮುಂದೆ ನಿಂತಳು. ಮಗಳ ಮುಖ ನೋಡಲಿಲ್ಲ. "ಕಟ್ಟೀಗೆ ಬರ್ತೇನ್ರಿ," ಅಂದಳು. "ಗಂಟು ಮಾತ್ರ ಬ್ಯಾಡ. ಗಂಟು ನಂದಲ್ಲ, ಮನೀದು. ಮನ್ಯಾಗ ಇಂಥಾ ಕೈ ಇರೂತನಕ ಬಿಚ್ಚೇ ನೋಡ್ರಿ."

ಆ ಚಾದರಗಳನ್ನು ಮತ್ತೆ ಹರಿದು ಹತ್ತಿ ಮಾಡುವಂತೆಯೂ ಇರಲಿಲ್ಲ. ಪ್ಲಾಸ್ಟಿಕ್ ಒಳಸೇರಿದ ಬಟ್ಟೆಯನ್ನು ಹರಿದರೆ ಆ ಚುಕ್ಕೆ ಮುಂದಿನ ಇನ್ನೂರಕ್ಕೆ ಹೋಗುತ್ತದೆ. ದಾದಾಸಾಹೇಬರು ಅವನ್ನು ಆಳುಗಳಿಗೆ ಹಂಚಿದರು. ಚೆನ್ನವ್ವ ಒಂದನ್ನು ತಂದು ಮಗಳ ಕಾಟಿನ ಮೇಲೆ ಹಾಸಿದಳು. ದಾರಿಯಲ್ಲೂ ಬೈಯಲಿಲ್ಲ, ಮನೆಯಲ್ಲೂ ಬೈಯಲಿಲ್ಲ. ಮಗಳ ಕೈಹಿಡಿದು ಚಾದರದ ಮೇಲೆ ಇಟ್ಟಳು.

"ಕಣ್ಣ ಮುಚ್ಚಿ ಇದರಾಗಿನ ಗುಲಾಬಿ ಹುಡುಕು. ಬೆರಳಿಗೆ ಸಿಕ್ಕ ದಿವ್ಸ ಚೀಲಕ್ಕ ನೀನ ಗಂಟ ಹಾಕು. ಅಲ್ಲೀತನಕ ನಂದೂ ಬಿಚ್ಚಲಿ."

ತನ್ನ ಹತ್ತೊಂಬತ್ತು ವರ್ಷದ ಮಾನವನ್ನು ಓಣಿಗೇ ಹೆಸರಾದ ಸೋಮಾರಿಯ ಕೈಗೆ ಕೊಟ್ಟು ಆ ಹೆಂಗಸು ಒಲೆಯ ಮುಂದೆ ಹೋಗಿ ಕೂತಳು. ಅಪ್ಪಣ್ಣ ಇದನ್ನು ಕೇಳಿ, ಹಾಗಾದರೆ ಮುಗಿದ ಹಾಗೆ ಅಂದ. ವಾರದಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು.

ಅವನದೇನೂ ತಪ್ಪಿರಲಿಲ್ಲ. ಮೊದಲ ವಾರ ವೃಷಾಲಿಯ ಬೆರಳಿಗೆ ಚಾದರವೆಲ್ಲ ಒಂದೇ. ಎರಡನೆಯ ವಾರವೂ ಅಷ್ಟೇ. ನಾಳೆ ನೋಡೋಣ ಎಂಬ ಹಳೆಯ ಗೆಳತಿ ದಿನಾ ಬಂದು ಬಾಗಿಲು ಬಡಿಯುತ್ತಿದ್ದಳು. ಆದರೆ ಶನಿವಾರ ಶನಿವಾರ ಅವ್ವನ ಜೊತೆ ಕಾರಖಾನೆಗೆ ಹೋಗಬೇಕಿತ್ತು, ಅವ್ವನ ಗಂಟನ್ನು ದಾದಾಸಾಹೇಬರು ಮನಸ್ಸಿಲ್ಲದ ಮನಸ್ಸಿನಿಂದ ಬಿಚ್ಚುವುದನ್ನು ನೋಡಬೇಕಿತ್ತು. ಚೀಲ ಕಟ್ಟೆಯ ಮೇಲೆ ಬೀಳುವಾಗ ಚೆನ್ನವ್ವ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಅದನ್ನು ನೋಡಿ ಬಂದ ಸಂಜೆ ವೃಷಾಲಿಗೆ ಮೈಗಳ್ಳತನ ಮಾಡಲು ಆಗುತ್ತಿರಲಿಲ್ಲ.

ಮನೆಯಲ್ಲಿ ಮೂರು ಬುಟ್ಟಿಗಳಾದವು. ಕಾಲೇಜಿನ ಕ್ಯಾಂಟೀನಿನ ಹಿಂದೆ ಅವಳು ಮೂರು ಚೀಲ ಕಟ್ಟಿದಳು. ಹುಡುಗರು ಅವಳಿಗೆ ಕಚರಾವಾಲಿ, ಕಸದವಳು, ಎಂದು ಹೆಸರಿಟ್ಟರು. ಅವಳು ಅವರ ಕೈಯಿಂದ ಬಾಟಲಿ ಇಸಿದುಕೊಂಡು, ಮುಚ್ಚಳ ಬೇರೆ ಮಾಡಿ, ಸರಿಯಾದ ಚೀಲಕ್ಕೆ ಹಾಕಿ, ಆಮೇಲೆ ಅವರಿಗೆ ಬೈಯುತ್ತಿದ್ದಳು. ಪ್ರಕಲ್ಪದಲ್ಲಿ ಗುಲಾಬಿ ಸುತಳಿಯ ಕಥೆಯನ್ನು ಇದ್ದದ್ದು ಇದ್ದ ಹಾಗೆ ಬರೆದು, ಚಾದರದ ಅಂಗೈಯಗಲದ ತುಂಡನ್ನು ಮೊದಲ ಪುಟಕ್ಕೆ ಹೊಲಿದಳು. ಸರ್ ಕೋಷ್ಟಕಗಳು ಕಡಿಮೆಯಾಗಿವೆ ಎಂದು ಕೆಂಪು ಶಾಯಿಯಲ್ಲಿ ಬರೆದರು. ಉಳಿದ ವಿಷಯಗಳಲ್ಲಿ ಅವಳು ಹಿಂದಿನಂತೆಯೇ ಇದ್ದಳು. ತಟ್ಟೆ ತೊಳೆಯುವ ಮಾತು ಬಂದರೆ ಈಗಲೂ ತಲೆನೋವು ಬರುತ್ತಿತ್ತು.

ಮಳೆಗಾಲ ಬಂದು ಹೊಸ ವರ್ಷದ ಕಾಲೇಜು ಸುರುವಾಯಿತು. ಆಗಸ್ಟಿನ ಒಂದು ಗುರುವಾರ ಸಂಜೆ ಅವಳು ಕಾಟಿನ ಮೇಲೆ ಕೂತು, ಕಣ್ಣು ಮುಚ್ಚಿ, ಅಭ್ಯಾಸದಂತೆ ಚಾದರದ ಮೇಲೆ ಕೈ ಆಡಿಸುತ್ತಿದ್ದಳು. ಅವಳು ಎಡಚಿ, ಎಡಗೈಯ ತೋರುಬೆರಳು ಮುಂದೆ. ಮೆತ್ತಗಿನ ಹತ್ತಿ, ಮೆತ್ತಗಿನ ಹತ್ತಿ, ಒಂದು ಕಡೆ ಬೆರಳು ತಾನಾಗಿ ನಿಂತಿತು. ಅಲ್ಲೇನೋ ಸೂಕ್ಷ್ಮವಾಗಿ ಒರಟಾಗಿತ್ತು, ಸುತ್ತಲಿನ ಎಳೆಗಳ ಜೊತೆ ಬೆರೆಯದೆ ತಲೆಯೆತ್ತಿ ನಿಂತಿತ್ತು. ಅವಳು ಕಣ್ಣು ತೆರೆಯಲು ಹೆದರಿದಳು. ತೆರೆದಾಗ ಉಗುರಿನ ತುದಿಯಲ್ಲಿ ಗುಲಾಬಿ ಇತ್ತು. ಮತ್ತೆ ಮುಚ್ಚಿದಳು, ಮತ್ತೊಂದು ಸಿಕ್ಕಿತು. ಮೂರನೆಯದೂ ಸಿಕ್ಕಿತು. ತನ್ನದೇ ಬೆರಳನ್ನು ಮುಖದ ಮುಂದೆ ಹಿಡಿದು, ಇದು ನನ್ನದೇನಾ ಎಂದು ನೋಡಿದಳು. ಇಷ್ಟು ದಿನ ಅದು ಅವಳ ಕೈಯಲ್ಲೇ ಮಲಗಿತ್ತು, ಅವಳ ಹಾಗೆಯೇ.

ಚೆನ್ನವ್ವ ಬಾಗಿಲಲ್ಲಿ ನಿಂತು ನೋಡಿದ್ದಳು. ಶನಿವಾರ ಬೆಳಿಗ್ಗೆ ಚೀಲ ಕಟ್ಟುವ ದಾರವನ್ನು ಮಗಳ ಕಡೆ ಎಸೆದಳು. ವೃಷಾಲಿ ನೂಲನ್ನೆಲ್ಲ ಒಮ್ಮೆ ಬೆರಳಿನಿಂದ ನೋಡಿ, ವಾರವಾರ ಅವ್ವನನ್ನು ಕಂಡು ಕಲಿತ ಗಂಟು ಹಾಕಿದಳು.

ಕಾರಖಾನೆಯಲ್ಲಿ ದಾದಾಸಾಹೇಬರು ಎಂದಿನಂತೆ ಚೀಲ ಎಳೆದುಕೊಂಡು ಗಂಟಿಗೆ ಕೈ ಹಾಕಿದರು. ಕೈ ನಿಂತಿತು. ಚೆನ್ನವ್ವನದೇ ಗಂಟು, ಅಷ್ಟೇ ಬಿಗಿ, ಅಷ್ಟೇ ಸಣ್ಣದು. ಬಾಲ ಮಾತ್ರ ಎಡಗಡೆಗೆ ಮಡಚಿತ್ತು. ಅವರು ತಲೆಯೆತ್ತಿ ಕಟ್ಟೆಯ ಕಡೆ ನೋಡಿದರು.

"ಚೆನ್ನವ್ವ, ಈ ಗಂಟ ಯಾರದು?"

ಕಟ್ಟೆಯ ಮುಂದೆ ಬೆನ್ನು ಹಾಕಿ ಕುಳಿತಿದ್ದ ಚೆನ್ನವ್ವ, ಆರಿಸುವ ಕೈ ನಿಲ್ಲಿಸದೆ, "ನಮ್ಮ ಮನೀದು ರೀ," ಅಂದಳು.

ದಾದಾಸಾಹೇಬರು ಅಲ್ಲಪ್ಪನಿಗೆ ಕಳಿಸು ಎಂದು ಕೈಸನ್ನೆ ಮಾಡಿದರು. ಬ್ಯಾಡ್ರಿ, ಒಮ್ಮೆ ಬಿಚ್ಚಿ ನೋಡ್ರಿ ಎಂದು ವೃಷಾಲಿಗೆ ಕೂಗಬೇಕೆನಿಸಿತು. ಆಗಲೇ ಅಲ್ಲಪ್ಪ ಚೀಲವನ್ನು ಯಂತ್ರದ ಬಾಯಿಗೆ ಬೋರಲು ಹಾಕಿದ್ದ. ಅವಳ ಕೈಗೂ, ಇನ್ನು ಹುಟ್ಟಬೇಕಾದ ಚಾದರಗಳಿಗೂ ನಡುವೆ ನೋಡುವವರು ಯಾರೂ ಉಳಿಯಲಿಲ್ಲ. ಬಿಳಿ ನೂಲು ಮುಳ್ಳುಗಳಿಗೆ ಸಿಕ್ಕಿ, ಹರಿದು, ಆ ಕಡೆ ಹತ್ತಿಯಾಗಿ ಬೀಳತೊಡಗಿತು. ಅವಳು ನೋಡುತ್ತಲೇ ಇದ್ದಳು. ಬಿಳಿ, ಮತ್ತೆ ಬಿಳಿ, ಕೊನೆಯವರೆಗೂ ಬಿಳಿ. ಅವಳಿಗೆ ಅಳು ಬಂತು, ನಿಲ್ಲಿಸಲು ಹೋಗಲಿಲ್ಲ.

ಚೆನ್ನವ್ವ ಒಮ್ಮೆಯೂ ತಿರುಗಿ ನೋಡಲಿಲ್ಲ. ಅವಳ ಬೆರಳುಗಳು ಕಟ್ಟೆಯ ಮೇಲೆ ತಮ್ಮ ಪಾಡಿಗೆ ತಾವು ಓಡುತ್ತಿದ್ದವು.